ಪರದೆ ಸರಿಸಿ, ನಾವೂ ಒಳಗೆ ನೋಡಬೇಕು

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಿಜಯಪುರ ಜಿಲ್ಲಾ ಅಧಿಕಾರಿಗಳಿಗೆ, ಹಾಗೆಯೇ ಈ ವರ್ಷ ಮಕ್ಕಳನ್ನು ಕರಾಟೆ ಕ್ಲಾಸಿಗೆ ಹಾಕಬೇಕು ಅಂದುಕೊಂಡಿರುವ ನಮ್ಮೂರಿನ ತಂದೆ-ತಾಯಂದಿರಿಗೆ,

ನಮಸ್ಕಾರ.

ನಾನು ಇದೇ ಊರಿನವಳು. ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೇನೆ. ನನಗೆ ಒಬ್ಬಳೇ ಮಗಳು, 11 ವರ್ಷ, ಆರನೇ ತರಗತಿ. ಹೋದ ವರ್ಷ ಡಿಸೆಂಬರ್‌ನಲ್ಲಿ ಅವಳ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಬೇಕಾಯಿತು. ಅವಳು ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಅವಳ ಕರಾಟೆ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ಇನ್ನೂರು ಜನರ ಮುಂದೆ ಅವಳ ಕೈಯಿಂದ ಮಂಗಳೂರು ಹಂಚು ಒಡೆಸಿದರು. ಒಂದರ ಮೇಲೊಂದು ಎರಡು ಹಂಚು. ಮೇಲಿನದು ಒಡೆಯಿತು, ಕೆಳಗಿನದು ಒಡೆಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತು ನಾನೂ ತಟ್ಟಿದೆ.

ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಅವಳಿಗೆ ಆಗಲಿಲ್ಲ. ಆಗ ಕೈ ನೋಡಿದೆ. ಊದಿಕೊಂಡಿತ್ತು. "ಯಾಕವ್ವಾ, ಆಗಲೇ ಯಾಕೆ ಹೇಳಲಿಲ್ಲ?" ಅಂದೆ. "ಅತ್ತರೆ ಬೆಲ್ಟ್ ವಾಪಸ್ ತಗೋತೀನಿ ಅಂದಿದ್ರು ಸರ್" ಅಂದಳು.

ಮರುದಿನ ಎಕ್ಸ್‌ರೇ ನೋಡಿ ಮೂಳೆ ಡಾಕ್ಟರ್ ನನಗೆ ತಿಳಿಯುವ ಹಾಗೆ ಹೇಳಿದರು. ಬೆಳೆಯುವ ಮಕ್ಕಳ ಮೂಳೆಯ ತುದಿಯ ಹತ್ತಿರ ಮೆತ್ತನೆಯ ಒಂದು ಪದರ ಇರುತ್ತದೆ. ಮೂಳೆ ಉದ್ದವಾಗುವುದೇ ಅಲ್ಲಿಂದ. ಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿ ಮೂಳೆಯಾಗುತ್ತದೆ. ಅಲ್ಲಿಯವರೆಗೆ ಆ ಜಾಗಕ್ಕೆ ಜೋರು ಪೆಟ್ಟು ಬಿದ್ದರೆ ಕೆಲವೊಮ್ಮೆ ಮೂಳೆಯ ಬೆಳವಣಿಗೆಯೇ ಹೆಚ್ಚುಕಡಿಮೆ ಆಗುತ್ತದೆ. ನಮ್ಮ ಪುಣ್ಯ, ಮಗಳ ಕೈ ಸರಿಹೋಗಿದೆ. ಆದರೂ ಅವತ್ತು ಡಾಕ್ಟರ್ ಕೇಳಿದ ಒಂದು ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಿಲ್ಲ. "ಕ್ಲಾಸಿನಲ್ಲಿ ಏನೇನು ಮಾಡಿಸುತ್ತಾರೆ, ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಏಳು ತಿಂಗಳು ಕಳಿಸಿದ್ದೆ. ಒಂದು ದಿನವೂ ಒಳಗೆ ಕೂತು ನೋಡಿರಲಿಲ್ಲ. ಆ ಕ್ಲಾಸಿನ ಬಾಗಿಲಿಗೆ ನೀಲಿ ಪರದೆ ಇತ್ತು. "ಪೇರೆಂಟ್ಸ್ ಇದ್ದರೆ ಮಕ್ಕಳ ಗಮನ ಹೋಗುತ್ತದೆ" ಅಂತ ಮೊದಲ ದಿನವೇ ಹೇಳಿದ್ದರು. ನನಗೂ ಅದು ಸರಿ ಅನ್ನಿಸಿತ್ತು. ಸಂಜೆ ಐದೂವರೆಗೆ ಬಿಟ್ಟು, ಶಾಸ್ತ್ರಿ ಮಾರ್ಕೆಟ್‌ಗೆ ಹೋಗಿ ತರಕಾರಿ ತಂದು, ಏಳಕ್ಕೆ ಕರೆದುಕೊಂಡು ಬರುತ್ತಿದ್ದೆ. ಆ ಕ್ಲಾಸನ್ನು ಆರಿಸಿದ್ದಕ್ಕೆ ಕಾರಣವೂ ಅಷ್ಟೇ. ಮನೆಗೆ ಹತ್ತಿರ ಇತ್ತು. ಹೊರಗೆ ದೊಡ್ಡ ಫ್ಲೆಕ್ಸ್ ಇತ್ತು. ಫ್ಲೆಕ್ಸಿನಲ್ಲಿ ಪದಕ ಹಾಕಿಕೊಂಡ ಮಕ್ಕಳ ಫೋಟೋ ಇದ್ದವು.

ಆ ಕ್ಲಾಸಿನ ಹೆಸರು ಬರೆಯುವುದಿಲ್ಲ. ಒಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬರೆಯುತ್ತಿರುವ ಪತ್ರ ಇದಲ್ಲ. ಆಮೇಲಿನ ನಾಲ್ಕು ತಿಂಗಳು ನಾನು ನಮ್ಮೂರಿನ ಒಂಬತ್ತು ಕ್ಲಾಸುಗಳಿಗೆ ಹೋಗಿ ಕೂತು ನೋಡಿದ್ದೇನೆ. ಕರಾಟೆ, ತೈಕ್ವಾಂಡೋ, ಜೂಡೋ, ಒಂದು ಕಡೆ ಬಾಕ್ಸಿಂಗ್ ಕೂಡ. ಮಂಗಲ ಕಾರ್ಯಾಲಯದ ಮಹಡಿ, ಶಾಲೆಯ ಪ್ರಾರ್ಥನಾ ಹಾಲ್, ತಗಡಿನ ಶೀಟು ಹಾಕಿದ ತಾರಸಿ, ಎಲ್ಲ ಕಡೆ ನಡೆಯುತ್ತಿವೆ. ಕಂಡದ್ದನ್ನು ಹೇಳದೆ ಸುಮ್ನೆ ಇರಲು ಆಗುತ್ತಿಲ್ಲ.

ಮೊದಲು ನಮ್ಮ ಗರಡಿಮನೆಯ ಮಾತು. ಈ ಭಾಗದವರಿಗೆ ಕೈಕಾಲಿನ ವಿದ್ಯೆ ಹೊಸದಲ್ಲ. ನಮ್ಮ ಅಜ್ಜ ಹುಡುಗನಾಗಿದ್ದಾಗ ತಾಲೀಮಿಗೆ ಹೋಗುತ್ತಿದ್ದರು. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ಹದ ಮಾಡುತ್ತಿದ್ದದ್ದು, ಹನುಮಪ್ಪನಿಗೆ ಕೈಮುಗಿದು ಕಣಕ್ಕೆ ಇಳಿಯುತ್ತಿದ್ದದ್ದು, ಎಲ್ಲವನ್ನೂ ನಮಗೆ ಕಥೆಯಂತೆ ಹೇಳುತ್ತಿದ್ದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಕುಸ್ತಿ ನೋಡಲು ಅಜ್ಜನ ಹೆಗಲ ಮೇಲೆ ಕೂತು ನಾನೂ ಹೋಗಿದ್ದೇನೆ. ಗರಡಿಯ ಒಳಗೆ ಮಾತ್ರ ಹೆಣ್ಣುಮಕ್ಕಳಿಗೆ ಪ್ರವೇಶ ಇರಲಿಲ್ಲ. ಅದು ಆ ಕಾಲದ ತಪ್ಪು. ಆದರೆ ಒಂದು ವಿಷಯದಲ್ಲಿ ಆ ಕಾಲ ನಮಗಿಂತ ಹುಷಾರಾಗಿತ್ತು. ಉಸ್ತಾದ ಯಾರು, ಯಾರ ಮಗ, ಯಾರ ಹತ್ತಿರ ಕಲಿತ, ಕುಡಿಯುತ್ತಾನೋ ಇಲ್ಲವೋ, ಹುಡುಗರನ್ನು ಹೇಗೆ ನೋಡಿಕೊಳ್ಳುತ್ತಾನೆ ಅಂತ ಇಡೀ ಓಣಿಗೆ ಗೊತ್ತಿರುತ್ತಿತ್ತು. ಅವನ ನಡತೆ ಕೆಟ್ಟರೆ ಮರುದಿನವೇ ಗರಡಿ ಖಾಲಿ. ಈಗ ಉಸ್ತಾದನ ಬದಲು ಲೈಟ್ ಕಂಬಕ್ಕೆ ಕಟ್ಟಿದ ಒಂದು ಬ್ಯಾನರ್ ಇದೆ, ಅದರಲ್ಲಿ ಒಂದು ಮೊಬೈಲ್ ನಂಬರ್ ಇದೆ. ನಮಗೆ ಅಷ್ಟೇ ಗೊತ್ತು. ಮಗುವನ್ನು ವಾರಕ್ಕೆ ಐದು ದಿನ ಅವರ ಕೈಗೆ ಕೊಡುತ್ತೇವೆ.

ತಂದೆ-ತಾಯಂದಿರೇ, ನಾವು ಕೇಳುವ ಮೊದಲ ಪ್ರಶ್ನೆ "ಕರಾಟೆ ಒಳ್ಳೆಯದೋ ತೈಕ್ವಾಂಡೋ ಒಳ್ಳೆಯದೋ" ಅಂತ, ಅಲ್ವಾ? ನಾನೂ ಅದನ್ನೇ ಕೇಳಿದ್ದೆ. ಈಗ ಅನ್ನಿಸುತ್ತಿದೆ, ಆ ಪ್ರಶ್ನೆ ಕೊನೆಗೆ ಬರಬೇಕು. ವ್ಯತ್ಯಾಸ ಇದೆ, ಅದನ್ನು ತಿಳಿದಿರಬೇಕು. ಕರಾಟೆ ಒಕಿನಾವಾ ದ್ವೀಪದಿಂದ ಬಂದದ್ದು. ಅದರಲ್ಲೇ ಶೋಟೋಕಾನ್, ಗೋಜು-ರ್ಯೂ, ಶಿಟೋ-ರ್ಯೂ, ವಾಡೋ-ರ್ಯೂ ಅಂತ ಬೇರೆ ಬೇರೆ ಮನೆತನಗಳಿವೆ. ತೈಕ್ವಾಂಡೋ ಕೊರಿಯಾದ್ದು, ಕಾಲಿನ ಕೆಲಸ ಜಾಸ್ತಿ. ಜೂಡೋವನ್ನು ಜಿಗೋರೋ ಕಾನೋ ಅನ್ನುವವರು 1882ರಲ್ಲಿ ಜಪಾನಿನಲ್ಲಿ ಶುರುಮಾಡಿದರು. ಅದರಲ್ಲಿ ಗುದ್ದುವುದು ಒದೆಯುವುದು ಇಲ್ಲ, ಹಿಡಿದು ಎಸೆಯುವುದು, ಅದುಮಿ ಹಿಡಿಯುವುದು. ನಮ್ಮ ಕುಸ್ತಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

"ಒಲಿಂಪಿಕ್ಸ್‌ವರೆಗೂ ದಾರಿ ಇದೆ" ಅಂತ ಯಾರಾದರೂ ಹೇಳಿದರೆ ಇಷ್ಟು ನೆನಪಿಡಿ. ಜೂಡೋ 1964ರಲ್ಲಿ ಒಲಿಂಪಿಕ್ಸ್‌ಗೆ ಬಂತು. ತೈಕ್ವಾಂಡೋಗೆ 2000ದ ಸಿಡ್ನಿಯಿಂದ ಪದಕ ಕೊಡುತ್ತಿದ್ದಾರೆ. ಕರಾಟೆ ಇದ್ದದ್ದು 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಒಂದೇ ಸಲ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಅದಕ್ಕಾಗಿ ಕರಾಟೆ ಕಲಿಯಬಾರದು ಅಂತಲ್ಲ. ಒಳ್ಳೆಯ ಮಾಸ್ತರರ ಹತ್ತಿರ ಕಲಿತರೆ ಅದು ಬಹಳ ದೊಡ್ಡ ವಿದ್ಯೆ. ಮಗುವಿಗೆ ಸುಳ್ಳು ಆಸೆ ತೋರಿಸಿ ಫೀಸು ತಗೊಳ್ಳಬಾರದು, ಅಷ್ಟೇ.

ಕಲಿತ ಮಟ್ಟ ತೋರಿಸಲು ಸೊಂಟಕ್ಕೆ ಕಟ್ಟುವ ಬಣ್ಣದ ಬೆಲ್ಟಿನ ವಿಷಯಕ್ಕೆ ಬರುತ್ತೇನೆ. ಏಳು ತಿಂಗಳಲ್ಲಿ ನನ್ನ ಮಗಳಿಗೆ ಹಳದಿ, ಕೇಸರಿ, ಹಸಿರು, ಮೂರು ಬೆಲ್ಟ್ ಬಂದವು. ಪ್ರತಿ ಪರೀಕ್ಷೆಗೆ 1,500 ರೂಪಾಯಿ. ತಿಂಗಳ ಫೀಸು ಬೇರೆ, ಡ್ರೆಸ್ ಬೇರೆ, ಸರ್ಟಿಫಿಕೇಟಿಗೆ ಬೇರೆ. ಪರೀಕ್ಷೆಯಲ್ಲಿ ಒಬ್ಬ ಮಗುವೂ ಫೇಲ್ ಆಗಿದ್ದನ್ನು ನಾನು ನೋಡಲಿಲ್ಲ. "ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂದಿದ್ದರು. ನಾನು ಖುಷಿಪಟ್ಟಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ಬೆಲ್ಟಿನ ಪದ್ಧತಿ ಮೂಲದಲ್ಲಿ ಕರಾಟೆಯದ್ದೇ ಅಲ್ಲ, ಜೂಡೋದ್ದು. ಒಕಿನಾವಾದಿಂದ ಕರಾಟೆಯನ್ನು ಟೋಕಿಯೋಗೆ ತಂದ ಗಿಚಿನ್ ಫುನಾಕೋಶಿ ಅದನ್ನು ತಗೊಂಡು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ಕೊಟ್ಟರು. ಕಪ್ಪು ಬೆಲ್ಟಿನ ಮೊದಲ ಹಂತಕ್ಕೆ ಜಪಾನಿಯಲ್ಲಿ ಶೋದಾನ್ ಅನ್ನುತ್ತಾರೆ. ಅಂದರೆ ಶುರುವಿನ ಮೆಟ್ಟಿಲು. ಕಲಿತು ಮುಗಿಯಿತು ಅಂತಲ್ಲ, ಈಗ ಕಲಿಯಲು ತಯಾರು ಅಂತ. ಜೂಡೋದ ಮೂಲ ಸಂಸ್ಥೆ ಕೋದೋಕಾನ್ 14 ವರ್ಷ ತುಂಬದವರಿಗೆ ಅದನ್ನು ಕೊಡುವುದೇ ಇಲ್ಲ. ತೈಕ್ವಾಂಡೋದಲ್ಲಿ ಸಣ್ಣ ಮಕ್ಕಳು ಎಷ್ಟೇ ಚೆನ್ನಾಗಿ ಕಲಿತರೂ ಕೊರಿಯಾದ ಮುಖ್ಯ ಸಂಸ್ಥೆ ಕುಕ್ಕಿವೊನ್ ಅವರಿಗೆ ಕೊಡುವುದು 'ಪೂಮ್', ಅರ್ಧ ಕೆಂಪು ಅರ್ಧ ಕಪ್ಪು ಬಣ್ಣದ ಬೆಲ್ಟ್. ಈ ವಿದ್ಯೆ ಹುಟ್ಟಿದ ಊರುಗಳಲ್ಲೇ ಮಕ್ಕಳ ವಯಸ್ಸಿಗೆ ಇಷ್ಟು ಮರ್ಯಾದೆ ಇದೆ. ನಮ್ಮೂರಿನಲ್ಲಿ ಒಂಬತ್ತು ವರ್ಷದ ಹುಡುಗನ ಸೊಂಟಕ್ಕೆ ಕಪ್ಪು ಬೆಲ್ಟ್ ಕಟ್ಟಿ ಫ್ಲೆಕ್ಸ್ ಹಾಕಿಸಿದ್ದನ್ನು ನೋಡಿದ್ದೇನೆ. ಆ ಹುಡುಗ ಬಹಳ ಚುರುಕು. ಅವನಿಗೆ ಯಾರೋ "ನೀನು ಎಲ್ಲ ಕಲಿತಾಯ್ತು" ಅಂದುಬಿಟ್ಟರಲ್ಲ ಅಂತ ನನಗೆ ಸಂಕಟ ಆಯಿತು.

ಪದಕಗಳ ಕಥೆಯೂ ಹೀಗೇ ಇದೆ. 'ನ್ಯಾಷನಲ್', 'ಇಂಟರ್‌ನ್ಯಾಷನಲ್' ಅಂತ ಹೆಸರಿಟ್ಟು ಯಾರು ಬೇಕಾದರೂ ಟೂರ್ನಮೆಂಟ್ ಮಾಡಬಹುದು ಅನ್ನುವ ಹಾಗಾಗಿದೆ. ಮೂರೇ ಮಕ್ಕಳಿರುವ ಗುಂಪಿನಲ್ಲಿ ಮೂವರಿಗೂ ಪದಕ. ಸಿಂದಗಿ ಕಡೆಯ ಹಳ್ಳಿಯಿಂದ ಬಂದ ತಂದೆಯೊಬ್ಬರು ಮಗನನ್ನು ಇಂಥ ಒಂದು ಟೂರ್ನಮೆಂಟಿಗೆ ಕಳಿಸಲು ಸಾಲ ಮಾಡಿದ್ದೆ ಅಂದರು. ಆ ಸರ್ಟಿಫಿಕೇಟ್ ಮುಂದೆ ಎಲ್ಲಿಗಾದರೂ ನಡೆಯುತ್ತದೆಯೇ ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಶಾಲಾ ಕ್ರೀಡಾಕೂಟದ ದಾರಿ ಬೇರೆ, ಖಾಸಗಿ ಟೂರ್ನಮೆಂಟಿನ ದಾರಿ ಬೇರೆ. ಅದರಲ್ಲೂ ಕರಾಟೆಯಲ್ಲಿ ದೇಶಮಟ್ಟದ ಮಾನ್ಯತೆ ಯಾವ ಸಂಸ್ಥೆಗೆ ಅನ್ನುವುದರ ಬಗ್ಗೆಯೇ ವರ್ಷಗಟ್ಟಲೆ ಜಗಳ ನಡೆದಿದೆ. ರೈತ ಮನುಷ್ಯ ಇದನ್ನೆಲ್ಲ ಹೇಗೆ ತಿಳಿದುಕೊಳ್ಳಬೇಕು?

ಇನ್ನು 'ಆತ್ಮರಕ್ಷಣೆ'. ಹೆಣ್ಣುಮಕ್ಕಳ ತಾಯಂದಿರು ಈ ಒಂದು ಮಾತಿಗೇ ಕ್ಲಾಸಿಗೆ ಹಾಕುತ್ತೇವೆ. ನನ್ನ ಮಗಳಿಗೆ ಆ ಹಳೆಯ ಕರಾಟೆ ಕ್ಲಾಸಿನಲ್ಲಿ ಏನು ಹೇಳಿಕೊಟ್ಟರು ಅಂದರೆ, ಕೈ ಹಿಡಿದರೆ ಹೀಗೆ ತಿರುಗಿಸು, ಹೊಟ್ಟೆಗೆ ಗುದ್ದು, ಆಳು ಬೀಳುತ್ತಾನೆ. 30 ಕಿಲೋ ತೂಕದ ಮಗು 70 ಕಿಲೋದ ಗಂಡಸನ್ನು ಬೀಳಿಸುವುದಿಲ್ಲ. ಬೀಳಿಸುತ್ತೇನೆ ಅಂತ ನಂಬಿ ಅಲ್ಲೇ ನಿಂತರೆ ಅದಕ್ಕಿಂತ ಅಪಾಯ ಬೇರೆ ಇಲ್ಲ. ಒಳ್ಳೆಯ ಮಾಸ್ತರರು ಮೊದಲು ಕಿರುಚುವುದನ್ನು ಕಲಿಸುತ್ತಾರೆ. ಆಮೇಲೆ ಬಿಡಿಸಿಕೊಂಡು ಓಡುವುದನ್ನು. ಆಮೇಲೆ ನಂಬಿಕೆಯ ಒಬ್ಬ ದೊಡ್ಡವರಿಗೆ ಹೇಳುವುದನ್ನು, ಮಕ್ಕಳ ಸಹಾಯವಾಣಿ 1098 ನಂಬರನ್ನು ಬಾಯಿಪಾಠ ಮಾಡುವುದನ್ನು. ಒಂಬತ್ತು ಕ್ಲಾಸುಗಳಲ್ಲಿ ಎರಡರಲ್ಲಿ ಮಾತ್ರ ಇದನ್ನು ಕಂಡೆ.

ಈಗ ಮಗಳು ಹೋಗುತ್ತಿರುವುದು ಒಂದು ಜೂಡೋ ಕ್ಲಾಸಿಗೆ. ಶಾಲೆಯೊಂದರ ಹಾಲ್‌ನಲ್ಲಿ ನಡೆಯುತ್ತದೆ. ಫ್ಲೆಕ್ಸ್ ಇಲ್ಲ. ಕಲಿಸುವವರು ಗಂಡ-ಹೆಂಡತಿ ಇಬ್ಬರೂ. ಮೊದಲ ದಿನ ನಾನು ಫೀಸು ಎಷ್ಟು ಅಂತ ಕೇಳುವ ಮೊದಲೇ ಮೇಡಂ ಕೇಳಿದರು: "ಅಕ್ಕಾ, ಮಗುವಿಗೆ ದಮ್ಮು-ಗಿಮ್ಮು ಏನಾದರೂ ಐತೇನ್ರಿ? ಹಿಂದೆ ಎಲ್ಲಾದರೂ ಪೆಟ್ಟಾಗಿತ್ತಾ?" ಮಣಿಕಟ್ಟಿನ ವಿಷಯ ಹೇಳಿದೆ. ಡಾಕ್ಟರ್ ಚೀಟಿ ತರುವವರೆಗೆ ಮ್ಯಾಟ್ ಮೇಲೆ ಹತ್ತಿಸಲಿಲ್ಲ. "ಒಂದು ವಾರ ಸುಮ್ನೆ ಕೂತು ನೋಡ್ರಿ, ಆಮೇಲೆ ದುಡ್ಡಿನ ಮಾತು" ಅಂದರು. ಹಾಲಿನ ಎರಡೂ ಬಾಗಿಲು ತೆರೆದಿದ್ದವು. ಗೋಡೆಯ ಪಕ್ಕ ಬೆಂಚಿನ ಮೇಲೆ ಅಜ್ಜಂದಿರು, ಅಮ್ಮಂದಿರು ಕೂತಿದ್ದರು. ಮಕ್ಕಳ ಗಮನ ಎಲ್ಲಿಗೂ ಹೋಗಲಿಲ್ಲ.

ಅಲ್ಲಿ ಮೊದಲ ಒಂದು ತಿಂಗಳು ಕಲಿಸಿದ್ದು ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ತಾಗದ ಹಾಗೆ, ಕೈಯನ್ನು ಚಾಚಿ ಮ್ಯಾಟಿಗೆ ಬಡಿದು ಬೀಳುವುದು. ಇದಕ್ಕೆ ಉಕೆಮಿ ಅನ್ನುತ್ತಾರೆ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ, ದಿನಕ್ಕೆ ಐವತ್ತು ಸಲ. ಮಗಳಿಗೆ ಮೊದಮೊದಲು ಬೇಜಾರಾಯಿತು. ಒಂದು ದಿನ ಮನೆಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ತಲೆ ಎತ್ತಿಕೊಂಡೇ ಬಿದ್ದಳು, ಎದ್ದಳು, ನಕ್ಕಳು. ಇದಕ್ಕಿಂತ ದೊಡ್ಡ ಆತ್ಮರಕ್ಷಣೆ ನನಗೆ ಗೊತ್ತಿಲ್ಲ.

ಆಮೇಲೆ ತಟ್ಟುವುದನ್ನು ಕಲಿಸಿದರು. ಜೊತೆಯವಳು ಅದುಮಿ ಹಿಡಿದಾಗ ನೋವಾದರೆ, ಉಸಿರು ಕಟ್ಟಿದರೆ, ಹೆದರಿಕೆಯಾದರೂ ಸರಿ, ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಬಿಡಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ, ನಗುವ ಹಾಗಿಲ್ಲ. ಒಬ್ಬ ದೊಡ್ಡ ಹುಡುಗ ಒಂದು ಗಳಿಗೆ ತಡಮಾಡಿ ಬಿಟ್ಟ. ಸರ್ ಇಡೀ ಕ್ಲಾಸನ್ನು ನಿಲ್ಲಿಸಿ ಅವನನ್ನು ಅವತ್ತು ಬೆಂಚಿನ ಮೇಲೆ ಕೂರಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ, ಕೂರಿಸಿದರು ಅಷ್ಟೇ. ನನ್ನ ಮಗಳು ಅವತ್ತು ಗಾಡಿ ಮೇಲೆ ಹಿಂದೆ ಕೂತು ಹೇಳಿದಳು: "ಅವ್ವಾ, ನಾನು ತಟ್ಟಿದರೆ ಎಲ್ಲರೂ ಬಿಡ್ತಾರೆ." ಹಂಚಿನ ಮುಂದೆ ನಿಂತ ದಿನ ಅವಳಿಗೆ ತಟ್ಟಲು ಯಾರೂ ಕಲಿಸಿರಲಿಲ್ಲ. ಗಾಡಿ ಓಡಿಸುತ್ತಾ ನನ್ನ ಕಣ್ಣು ತುಂಬಿ ಬಂತು.

ಹಾಗಾಗಿ ಕ್ಲಾಸ್ ಆರಿಸುವ ಮೊದಲು ಒಂದು ಸಂಜೆ ಪೂರ್ತಿ ಕೂತು ನೋಡಿ. ಚೆನ್ನಾಗಿ ಆಡುವ ಮಗುವನ್ನು ನೋಡಬೇಡಿ, ತೀರಾ ಹಿಂದೆ ಇರುವ ಮಗುವನ್ನು ನೋಡಿ. ದಪ್ಪಗಿರುವ, ನಾಚುವ, ಎಡ-ಬಲ ತಿಳಿಯದ ಮಗು ಪ್ರತಿ ಕ್ಲಾಸಿನಲ್ಲೂ ಒಂದು ಇರುತ್ತದೆ. ಅದಕ್ಕೆ ಮಾಸ್ತರರು ಏನು ಹೇಳುತ್ತಾರೆ, ಉಳಿದ ಮಕ್ಕಳು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ಜೋಡಿ ಮಾಡುವಾಗ ತೂಕ, ವಯಸ್ಸು ನೋಡುತ್ತಾರಾ? ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ನೀರು ಕುಡಿಯಲು ಬಿಡುತ್ತಾರಾ? "ನೀರು ಕೇಳಿದರೆ ಇಪ್ಪತ್ತು ದಂಡ ಹೊಡೆಯಬೇಕು" ಅನ್ನುವುದನ್ನು ಒಂದು ಕಡೆ ಕಿವಿಯಾರೆ ಕೇಳಿದೆ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅವತ್ತೇ ಮತ್ತೆ ಆಡಿಸಿದರೆ ಅಲ್ಲಿಂದ ಎದ್ದು ಬನ್ನಿ. ಭಂಗಿ ತಿದ್ದುವಾಗ ಹುಡುಗಿಯರನ್ನು ಮುಟ್ಟುವ ಮೊದಲು ಕೇಳುತ್ತಾರಾ? ಬಟ್ಟೆ ಬದಲಿಸಲು ಬಾಗಿಲು ಇರುವ ಜಾಗ ಇದೆಯಾ? ನಮ್ಮ ಕ್ಲಾಸಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಬರುವ ಹುಡುಗಿಯರಿದ್ದಾರೆ. ಪಿನ್ನು ಇರಬಾರದು ಅಂತ ಮೇಡಂ ಹೇಳಿದರು, ಬೇರೇನೂ ಹೇಳಲಿಲ್ಲ. ಅಷ್ಟು ಸಲೀಸು.

ಮಾಸ್ತರರಿಗೆ ಕೇಳಲು ನಾಚಬೇಡಿ. ನಿಮ್ಮ ಗುರು ಯಾರು? ಎಷ್ಟು ವರ್ಷ ಕಲಿತಿರಿ? ಈಗಲೂ ಕಲಿಯುತ್ತಿದ್ದೀರಾ? ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ, ಅಂದರೆ ಎನ್‌ಐಎಸ್ ತರಬೇತಿ ಆಗಿದೆಯಾ? ಒಳ್ಳೆಯವರು ಇದಕ್ಕೆ ಸಿಟ್ಟಾಗುವುದಿಲ್ಲ, ಖುಷಿಯಿಂದ ಹೇಳುತ್ತಾರೆ. ನನಗೆ ಒಬ್ಬ ವಯಸ್ಸಾದ ಕರಾಟೆ ಮಾಸ್ತರರು ತಮ್ಮ ಗುರುವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಶೋಟೋಕಾನ್‌ನಲ್ಲಿ ಮಕ್ಕಳು ಮೊದಲು ಕಲಿಯುವ ಐದು ಹೀಯಾನ್ ಕತಾಗಳೂ (ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸಾಲು) ಹೊಡೆತದಿಂದ ಅಲ್ಲ, ತಡೆಯಿಂದಲೇ ಶುರುವಾಗುತ್ತವೆ ಅಂತ ಮಾಡಿ ತೋರಿಸಿದರು. ಅವರ ಕ್ಲಾಸ್ ನಮ್ಮ ಮನೆಗೆ ದೂರ, ಇಲ್ಲದಿದ್ದರೆ ಅಲ್ಲಿಗೇ ಹಾಕುತ್ತಿದ್ದೆ.

ದೊಡ್ಡವರು ಕಲಿಯಬೇಕು ಅಂದುಕೊಂಡಿದ್ದರೆ ಅವರಿಗೂ ಇದೇ ಮಾತು. ಬೆಂಚಿನ ಮೇಲೆ ಮೂರು ತಿಂಗಳು ಕೂತು ನಾನೂ ಭಾನುವಾರದ ಬ್ಯಾಚಿಗೆ ಸೇರಿದ್ದೇನೆ. ನನಗೆ 39. ಬಿಪಿ, ಮೊಣಕಾಲು ಎಲ್ಲ ಕೇಳಿಯೇ ಸೇರಿಸಿಕೊಂಡರು. ಬೀಳುವುದನ್ನು ಕಲಿಯುತ್ತಿದ್ದೇನೆ.

ಅಧಿಕಾರಿಗಳೇ, ಈಗ ನಿಮ್ಮಲ್ಲಿ ಕೇಳುವುದು.

ಒಂದು ಚಹಾ ಅಂಗಡಿ ಇಡಲೂ ಲೈಸನ್ಸ್ ಬೇಕು. ಮಕ್ಕಳಿಗೆ ಗುದ್ದುವುದು, ಎಸೆಯುವುದು ಕಲಿಸುವ ಕ್ಲಾಸ್ ತೆರೆಯುವವರ ಹೆಸರು ನಿಮ್ಮ ಕಚೇರಿಯ ಒಂದು ಪುಸ್ತಕದಲ್ಲಾದರೂ ಇರಬೇಕಲ್ಲವೇ? ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದ ಗೇಟಿನ ಹತ್ತಿರ ಒಂದು ಫಲಕ ಹಾಕಿಸಿ. ಜಿಲ್ಲೆಯಲ್ಲಿ ಯಾರು ಎಲ್ಲಿ ಏನು ಕಲಿಸುತ್ತಾರೆ, ಅವರ ತರಬೇತಿ ಏನು, ಯಾವ ಸಂಸ್ಥೆಗೆ ಸೇರಿದವರು, ಇಷ್ಟು ಬರೆಸಿ. ಹೆಸರು ಕೊಡುವಂತೆ ಒಂದು ಪ್ರಕಟಣೆ ಹೊರಡಿಸಿ. ಕೊಟ್ಟವರ ಪೊಲೀಸ್ ಪರಿಶೀಲನೆ ಆಗಲಿ. ಯಾವ ಟೂರ್ನಮೆಂಟಿನ ಸರ್ಟಿಫಿಕೇಟಿಗೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಅಂತ ಕೇಳಲು ಒಂದು ಫೋನ್ ನಂಬರ್ ಇರಲಿ.

ವರ್ಷಕ್ಕೆ ಎರಡು ದಿನ ಎಲ್ಲ ಮಾಸ್ತರರನ್ನೂ ಕರೆದು ಪ್ರಥಮ ಚಿಕಿತ್ಸೆ ಹೇಳಿಕೊಡಿ. ಮಕ್ಕಳ ಮೂಳೆ, ತಲೆಪೆಟ್ಟು, ಬಿಸಿಲು ಇವುಗಳ ಬಗ್ಗೆ ಒಬ್ಬ ಡಾಕ್ಟರ್ ಮಾತಾಡಲಿ. 2012ರ ಪೋಕ್ಸೋ ಕಾಯ್ದೆಯ ಬಗ್ಗೆಯೂ ತಿಳಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಯಾರೇ ಇರಲಿ, ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಅದು. ಸುಮ್ಮನಿರುವುದೂ ಅಪರಾಧ. ನಾನು ಮಾತಾಡಿಸಿದ ಮಾಸ್ತರರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಅವರು ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿಲ್ಲ.

ಸರ್ಕಾರಿ ಶಾಲೆಗಳ ಮಾತನ್ನೂ ಸೇರಿಸುತ್ತೇನೆ. 6ರಿಂದ 12ನೇ ತರಗತಿಯ ಹುಡುಗಿಯರಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ, ಮೂರು ತಿಂಗಳದ್ದು. ಅದು ಶಿಕ್ಷಣ ಇಲಾಖೆಯದ್ದು ಅಂತ ಗೊತ್ತು. ಆದರೆ ಫೀಸು ಕಟ್ಟಲಾಗದ ಮನೆಯ ಹುಡುಗಿಗೆ ಅದೊಂದೇ ಬಾಗಿಲು. ಮೂರು ತಿಂಗಳಾದ ಮೇಲೆ ಅವಳು ಎಲ್ಲಿಗೆ ಹೋಗಬೇಕು? ಭಾನುವಾರ ಬೆಳಿಗ್ಗೆ ಎರಡು ಗಂಟೆ ಕ್ರೀಡಾಂಗಣದ ಒಂದು ಮೂಲೆಯಲ್ಲಿ ಮ್ಯಾಟ್ ಹಾಸಿ, ಮುಂದುವರಿಸಲು ಇಷ್ಟ ಇರುವವರಿಗೆ ಉಚಿತವಾಗಿ ಕಲಿಸಬಹುದು. ಕಲಿಸಲು ನಮ್ಮ ಸರ್-ಮೇಡಂ ಒಪ್ಪಿದ್ದಾರೆ. ಆ ಹಿರಿಯ ಕರಾಟೆ ಮಾಸ್ತರರೂ ಒಪ್ಪಿದ್ದಾರೆ, ನಾನು ಕೇಳಿದ್ದೇನೆ.

ಕೊನೆಗೆ ಒಂದೇ ಒಂದು ನಿಯಮ ಮಾಡಲು ನಿಮಗೆ ಸಾಧ್ಯ ಅಂತಾದರೆ ಇದನ್ನು ಮಾಡಿ: ಮಕ್ಕಳ ಕ್ಲಾಸ್ ನಡೆಯುವಾಗ ಬಾಗಿಲು ತೆರೆದಿರಬೇಕು, ಮನೆಯವರು ಯಾವಾಗ ಬಂದರೂ ಕೂತು ನೋಡಬಹುದು. ಇದಕ್ಕೆ ಇಲಾಖೆಯಿಂದ ಒಂದು ರೂಪಾಯಿಯೂ ಖರ್ಚಿಲ್ಲ.

ಫಲಕಕ್ಕೆ ಬೇಕಾದ ಹೆಸರುಗಳನ್ನು ಕಲೆಹಾಕಲು ನಾವು ಆರು ಜನ ತಾಯಂದಿರು ತಯಾರಿದ್ದೇವೆ. ನಾನು ನೋಡಿದ ಒಂಬತ್ತು ಕ್ಲಾಸುಗಳ ವಿವರ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಸೋಮವಾರ ಮಧ್ಯಾಹ್ನ ರಜೆ ಹಾಕಿ ಅದನ್ನು ತಗೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ಮಗಳೂ ಬರುತ್ತಾಳೆ.

ಇಂತಿ,
ಒಬ್ಬ ತಾಯಿ
ವಿಜಯಪುರ